ಸೇವ್ ಮಾಡದ ಫೈಲ್ ಎಲ್ಲಿಗೆ ಹೋಗುತ್ತೆ?

ಪ್ರಾಜೆಕ್ಟ್ ರಿಪೋರ್ಟ್ ಕೊಡುವ ವಾರ ಬಂತೆಂದರೆ ಹಾಸ್ಟೆಲ್‌ನ ಒಂದಲ್ಲ ಒಂದು ರೂಮಿನಿಂದ "ಅಯ್ಯೋ, ಹೋಯ್ತಲ್ಲೋ!" ಅನ್ನೋ ಕೂಗು ಕೇಳೇ ಕೇಳುತ್ತೆ. ಕರೆಂಟ್ ಹೋಗಿರುತ್ತೆ, ಇಲ್ಲವೇ ಲ್ಯಾಪ್‌ಟಾಪ್ ಹ್ಯಾಂಗ್ ಆಗಿರುತ್ತೆ, ಇಲ್ಲವೇ ನಿದ್ದೆಗಣ್ಣಲ್ಲಿ 'ಸೇವ್ ಮಾಡಲೇ?' ಎಂಬ ಪ್ರಶ್ನೆಗೆ 'ಬೇಡ' ಎಂದು ಒತ್ತಿಬಿಟ್ಟಿರುತ್ತಾರೆ. ನಾಲ್ಕು ಜನ ಸೇರಿ ತಿಂಗಳುಗಟ್ಟಲೆ ಮಾಡಿದ ಕೆಲಸದ ವರದಿ. ಬೆಳಗ್ಗೆ ಗೈಡ್ ಸಹಿ ಆಗಬೇಕು, ಮಧ್ಯಾಹ್ನ ಬೈಂಡಿಂಗ್‌ಗೆ ಕೊಡಬೇಕು. ಆಗ ಯಾರೋ ಒಬ್ಬರು ಇಂಟರ್ನೆಟ್‌ನಿಂದ ಯಾವುದೋ ರಿಕವರಿ ತಂತ್ರಾಂಶ ಇಳಿಸಲು ಶುರು ಮಾಡುತ್ತಾರೆ, ಇನ್ನೊಬ್ಬರು ಕಂಪ್ಯೂಟರ್ ರೀಸ್ಟಾರ್ಟ್ ಮಾಡು ಅಂತಾರೆ, ಮತ್ತೊಬ್ಬರು ಹೊಸದಾಗಿ ಟೈಪ್ ಮಾಡೋಕೆ ಕೂರುತ್ತಾರೆ. ಸಿಗಬಹುದಾಗಿದ್ದ ಫೈಲು ಸಿಗದಂತಾಗುವುದು ಬಹಳ ಸಲ ಈ ಗಡಿಬಿಡಿಯಲ್ಲೇ.

ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಒಂದೇ ಮಾತು: ಫೈಲ್ ಹೇಗೆ ಹೋಯ್ತು ಅನ್ನೋದು ಗೊತ್ತಾದರೆ ಅದನ್ನು ಎಲ್ಲಿ ಹುಡುಕಬೇಕು ಅನ್ನೋದು ಗೊತ್ತಾಗುತ್ತೆ. ಕರೆಂಟ್ ಹೋಗಿ ಕಳೆದ ಫೈಲ್ ಇರುವ ಜಾಗ ಬೇರೆ, 'ಬೇಡ' ಒತ್ತಿ ಕಳೆದದ್ದು ಇರುವ ಜಾಗ ಬೇರೆ, ಪೆನ್‌ಡ್ರೈವ್ ಎಳೆದು ಕೆಡಿಸಿದ ಫೈಲಿನ ಕಥೆಯೇ ಬೇರೆ. ಎಲ್ಲದಕ್ಕೂ ಒಂದೇ ಮದ್ದು ಇಲ್ಲ.

ಮೊದಲ ಕೆಲಸ: ಕೈ ಕಟ್ಟಿ ಕೂರುವುದು

ಫೈಲ್ ಹೋಯ್ತು ಅಂತ ಗೊತ್ತಾದ ತಕ್ಷಣ ಎರಡು ನಿಮಿಷ ಏನೂ ಮಾಡಬೇಡಿ. ಯಾಕೆ ಅಂದರೆ, ಹೋಯ್ತು ಅಂದುಕೊಂಡ ಫೈಲಿನ ಪ್ರತಿ ಡಿಸ್ಕಿನ ಮೇಲೆ ಎಲ್ಲೋ ಇದ್ದರೆ, ನೀವು ಹೊಸದಾಗಿ ಬರೆಯುವ ಪ್ರತಿಯೊಂದು ಬೈಟ್ ಕೂಡ ಅದರ ಮೇಲೆ ಹೋಗಿ ಕೂರುವ ಸಾಧ್ಯತೆ ಇರುತ್ತೆ. ಸಿನಿಮಾ ಡೌನ್‌ಲೋಡ್ ಆಗುತ್ತಿದ್ದರೆ ನಿಲ್ಲಿಸಿ. ಹೊಸ ತಂತ್ರಾಂಶ ಹಾಕಬೇಡಿ. ಅದೇ ಹೆಸರಿನಲ್ಲಿ ಹೊಸ ಫೈಲ್ ಸೇವ್ ಮಾಡಬೇಡಿ.

ಕಾಲೇಜಿನ ಲ್ಯಾಬ್‌ನಲ್ಲಿದ್ದರೆ ಇನ್ನೊಂದು ಎಚ್ಚರ ಬೇಕು. ಅನೇಕ ಲ್ಯಾಬ್‌ಗಳ ಕಂಪ್ಯೂಟರ್‌ಗಳಲ್ಲಿ, ರೀಸ್ಟಾರ್ಟ್ ಮಾಡಿದ ಕೂಡಲೇ ಡಿಸ್ಕನ್ನು ಹಳೆಯ ಸ್ಥಿತಿಗೆ ತಂದು ನಿಲ್ಲಿಸುವ ತಂತ್ರಾಂಶ ಹಾಕಿರುತ್ತಾರೆ. ವೈರಸ್ ಕಾಟ ತಪ್ಪಿಸಲು ಅದು ಒಳ್ಳೆಯದೇ. ಆದರೆ ಆ ದಿನ ಆ ಯಂತ್ರದಲ್ಲಿ ಉಳಿದಿದ್ದ ತಾತ್ಕಾಲಿಕ ಪ್ರತಿಗಳೂ ರೀಸ್ಟಾರ್ಟ್ ಜೊತೆಗೇ ಮಾಯ. ಆದ್ದರಿಂದ ಲ್ಯಾಬ್ ಯಂತ್ರ ಇನ್ನೂ ಆನ್ ಆಗಿದ್ದರೆ, ಮೊದಲು ಹುಡುಕಿ, ಆಮೇಲೆ ರೀಸ್ಟಾರ್ಟ್.

ಟೈಪ್ ಮಾಡಿದ್ದು ನಿಜಕ್ಕೂ ಎಲ್ಲಿರುತ್ತೆ?

ನೀವು ಟೈಪ್ ಮಾಡುವ ಅಕ್ಷರ ಮೊದಲು ಹೋಗಿ ಕೂರುವುದು ರ‍್ಯಾಮ್‌ನಲ್ಲಿ. ರ‍್ಯಾಮ್‌ನ ಒಂದೊಂದು ಬಿಟ್ ಕೂಡ ಒಂದು ಪುಟ್ಟ ಕೆಪಾಸಿಟರ್‌ನಲ್ಲಿರುವ ಚಾರ್ಜ್. ಆ ಚಾರ್ಜ್ ಸೋರುತ್ತಲೇ ಇರುತ್ತೆ, ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡ್ ಒಳಗೆ ಪ್ರತಿಯೊಂದು ಸಾಲನ್ನೂ ಓದಿ ಮತ್ತೆ ತುಂಬಬೇಕು. ಇಸಿ ವಿಭಾಗದವರು ಇದನ್ನು ರಿಫ್ರೆಶ್ ಅಂತ ಓದಿರುತ್ತೀರಿ. ಕರೆಂಟ್ ಹೋದರೆ ರಿಫ್ರೆಶ್ ನಿಂತಿತು, ಚಾರ್ಜ್ ಸೋರಿತು, ಅಕ್ಷರವೂ ಹೋಯಿತು. ಅಲ್ಲಿಂದ ವಾಪಸ್ ತರೋಕೆ ಆಗಲ್ಲ.

ಸೇವ್ ಒತ್ತಿದಾಗ ರ‍್ಯಾಮ್‌ನಲ್ಲಿದ್ದ ದಾಖಲೆ ಡಿಸ್ಕಿಗೆ ಬರುತ್ತೆ. ಇಲ್ಲೊಂದು ಜಾಣತನ ಇದೆ. ವರ್ಡ್ ತಂತ್ರಾಂಶ ನಿಮ್ಮ ಹಳೆಯ ಫೈಲಿನ ಮೇಲೇ ನೇರವಾಗಿ ಬರೆಯುವುದಿಲ್ಲ. ಮೊದಲು ಹೊಸದೊಂದು ತಾತ್ಕಾಲಿಕ ಫೈಲ್ ಮಾಡಿ ಅದರಲ್ಲಿ ಪೂರ್ತಿ ಬರೆದುಕೊಳ್ಳುತ್ತೆ. ಬರೆದು ಮುಗಿದ ಮೇಲೆ ಹಳೆಯದನ್ನು ತೆಗೆದು, ಹೊಸದಕ್ಕೆ ಅದೇ ಹೆಸರು ಇಡುತ್ತೆ. ಮಧ್ಯದಲ್ಲಿ ಕರೆಂಟ್ ಹೋದರೂ ಹಳೆಯದೋ ಹೊಸದೋ ಒಂದಾದರೂ ಉಳಿಯಲಿ ಅಂತ ಈ ಏರ್ಪಾಡು. ಹೊಸ ಮನೆ ಗೃಹಪ್ರವೇಶ ಆಗುವ ತನಕ ಹಳೆ ಮನೆ ಖಾಲಿ ಮಾಡದ ಹಾಗೆ.

ಇವೆರಡರ ನಡುವೆ ಮೂರನೆಯದೊಂದು ಇದೆ. ಅದೇ ಆಟೋರಿಕವರ್. ವರ್ಡ್ ಮೊದಲಿನಿಂದಲೇ ಇಟ್ಟುಕೊಂಡಿರುವ ಲೆಕ್ಕದಂತೆ 10 ನಿಮಿಷಕ್ಕೊಮ್ಮೆ, ರ‍್ಯಾಮ್‌ನಲ್ಲಿರುವ ದಾಖಲೆಯ ಒಂದು ನಕಲನ್ನು ಬೇರೆಯೇ ಫೋಲ್ಡರ್‌ನಲ್ಲಿ ಬರೆದಿಡುತ್ತೆ. ಇದರ ಹೆಸರಿನ ಕೊನೆಗೆ ಸಾಮಾನ್ಯವಾಗಿ ಎಎಸ್‌ಡಿ ಎಂಬ ಬಾಲ ಇರುತ್ತೆ. ಇದು ಸೇವ್ ಅಲ್ಲ. ನೀವು ಸರಿಯಾಗಿ ಸೇವ್ ಮಾಡಿ ಮುಚ್ಚಿದರೆ ವರ್ಡ್ ಈ ನಕಲನ್ನು ತಾನೇ ಅಳಿಸಿಹಾಕುತ್ತೆ. ಅಪಘಾತ ಆದಾಗ ಮಾತ್ರ ಅದು ಉಳಿಯುತ್ತೆ. ನಾವು ಹುಡುಕಬೇಕಾದ್ದು ಮುಖ್ಯವಾಗಿ ಇದನ್ನೇ.

ಇದರಿಂದ ಒಂದು ಲೆಕ್ಕ ಸ್ಪಷ್ಟವಾಗುತ್ತೆ. ಹೊಸ ಫೈಲ್ ತೆರೆದು 6 ನಿಮಿಷ ಟೈಪ್ ಮಾಡಿ, ಸೇವ್ ಮಾಡದೆ ಕಳೆದುಕೊಂಡರೆ, ಆಟೋರಿಕವರ್ ಇನ್ನೂ ಒಂದು ಸಲವೂ ಓಡಿರುವುದಿಲ್ಲ, ಹಾಗಾಗಿ ಹುಡುಕಿ ಫಲವಿಲ್ಲ. ಎರಡು ಗಂಟೆ ಟೈಪ್ ಮಾಡಿದ್ದರೆ ಕೊನೆಯ ಹತ್ತು ನಿಮಿಷದ ಕೆಲಸ ಬಿಟ್ಟು ಉಳಿದದ್ದು ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ.

ಈಗ ಒಂದೊಂದೇ ಸಂದರ್ಭ ನೋಡೋಣ. ಹೇಳುತ್ತಿರುವುದು ವಿಂಡೋಸ್‌ನಲ್ಲಿ ಓಡುವ ಮೈಕ್ರೋಸಾಫ್ಟ್ ವರ್ಡ್ ಬಗ್ಗೆ. ಉಳಿದವು ಆಮೇಲೆ ಬರುತ್ತವೆ.

1. ಕರೆಂಟ್ ಹೋಯ್ತು, ವರ್ಡ್ ಕ್ರ್ಯಾಶ್ ಆಯ್ತು

ಇದು ಎಲ್ಲಕ್ಕಿಂತ ಸುಲಭದ್ದು. ವರ್ಡ್ ಮತ್ತೆ ತೆರೆಯಿರಿ. ಎಡಗಡೆ 'ಡಾಕ್ಯುಮೆಂಟ್ ರಿಕವರಿ' ಎಂಬ ಪಟ್ಟಿ ಬರುತ್ತೆ. ಒಂದೇ ಫೈಲಿನ ಎರಡು ಮೂರು ಪ್ರತಿಗಳು ಕಾಣಬಹುದು, ಪ್ರತಿಯೊಂದರ ಪಕ್ಕದಲ್ಲಿ ಸಮಯ ಇರುತ್ತೆ. ಒಂದೊಂದನ್ನೂ ತೆರೆದು ನೋಡಿ, ಬೇಕಾದ್ದನ್ನು 'ಸೇವ್ ಆಸ್' ಮೂಲಕ ಹೊಸ ಹೆಸರಿನಲ್ಲಿ ಉಳಿಸಿ. ಹಳೆಯ ಹೆಸರಿನಲ್ಲೇ ಉಳಿಸುವ ಆತುರ ಬೇಡ, ಯಾವುದು ಹೆಚ್ಚು ಪೂರ್ತಿಯಾಗಿದೆ ಅಂತ ಆಮೇಲೆ ನಿಧಾನವಾಗಿ ಹೋಲಿಸಬಹುದು.

ಆ ಪಟ್ಟಿ ಮುಚ್ಚುವಾಗ 'ಇವನ್ನು ಆಮೇಲೆ ನೋಡುತ್ತೀರಾ, ತೆಗೆದುಹಾಕಲೇ?' ಎಂಬ ಅರ್ಥದ ಪ್ರಶ್ನೆ ಬರುತ್ತೆ. ಓದದೆ ಒತ್ತಬೇಡಿ. ಆಮೇಲೆ ನೋಡುತ್ತೇವೆ ಎಂಬುದನ್ನೇ ಆರಿಸಿ.

ಪಟ್ಟಿ ಬರಲೇ ಇಲ್ಲ ಅಂದರೆ ಕೈಯಾರೆ ಹುಡುಕಬೇಕು. ವರ್ಡ್‌ನಲ್ಲಿ 'ಫೈಲ್', 'ಆಪ್ಷನ್ಸ್', 'ಸೇವ್' ಎಂದು ಹೋದರೆ 'ಆಟೋರಿಕವರ್ ಫೈಲ್ ಲೊಕೇಶನ್' ಎಂಬ ಸಾಲು ಕಾಣುತ್ತೆ. ಸಾಮಾನ್ಯವಾಗಿ ಅದು ನಿಮ್ಮ ಬಳಕೆದಾರ ಫೋಲ್ಡರ್ ಒಳಗಿನ ಆಪ್‌ಡೇಟಾ, ಅದರೊಳಗೆ ರೋಮಿಂಗ್, ಮೈಕ್ರೋಸಾಫ್ಟ್, ವರ್ಡ್ ಎಂದು ಇರುತ್ತೆ. ಆಪ್‌ಡೇಟಾ ಮರೆಯಲ್ಲಿರುವ ಫೋಲ್ಡರ್, ಆದ್ದರಿಂದ ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ' ಪಟ್ಟಿಯಲ್ಲಿ 'ಹಿಡನ್ ಐಟಮ್ಸ್'ಗೆ ಟಿಕ್ ಹಾಕಿದರೆ ಮಾತ್ರ ಕಾಣುತ್ತೆ. ಇಲ್ಲವೇ ಆ ಸಾಲನ್ನೇ ಕಾಪಿ ಮಾಡಿ ಎಕ್ಸ್‌ಪ್ಲೋರರ್‌ನ ವಿಳಾಸಪಟ್ಟಿಗೆ ಪೇಸ್ಟ್ ಮಾಡಿ. ಅಲ್ಲಿ ದಿನಾಂಕದ ಪ್ರಕಾರ ಜೋಡಿಸಿಕೊಂಡು ಎಎಸ್‌ಡಿ ಫೈಲ್‌ಗಳನ್ನು ನೋಡಿ. ಎರಡು ಸಲ ಕ್ಲಿಕ್ ಮಾಡಿದರೆ ತೆರೆಯದಿರಬಹುದು. ವರ್ಡ್ ಒಳಗಿನ 'ಓಪನ್' ಮೂಲಕ ತೆರೆಯಿರಿ.

2. 'ಬೇಡ' ಅಂತ ಒತ್ತಿಬಿಟ್ಟೆವು

'ಡೋಂಟ್ ಸೇವ್' ಒತ್ತಿದರೆ ಎಲ್ಲ ಮುಗೀತು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಸೇವ್ ಮಾಡದೆ ಮುಚ್ಚಿದರೂ ಕೊನೆಯ ಆಟೋರಿಕವರ್ ಪ್ರತಿಯನ್ನು ಇಟ್ಟುಕೊಳ್ಳುವ ಆಯ್ಕೆ ವರ್ಡ್‌ನಲ್ಲಿದೆ, ಸಾಮಾನ್ಯವಾಗಿ ಅದು ಆನ್ ಆಗಿಯೇ ಇರುತ್ತೆ.

ಇಲ್ಲಿ ಎರಡು ಬಗೆ. ಫೈಲಿಗೆ ಇನ್ನೂ ಹೆಸರೇ ಇಟ್ಟಿರಲಿಲ್ಲ ಎಂದರೆ, ಯಾವುದಾದರೂ ಖಾಲಿ ದಾಖಲೆ ತೆರೆದು 'ಫೈಲ್', 'ಇನ್ಫೋ', 'ಮ್ಯಾನೇಜ್ ಡಾಕ್ಯುಮೆಂಟ್', 'ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್' ಎಂದು ಹೋಗಿ. ತೆರೆಯುವ ಫೋಲ್ಡರ್ ಆಪ್‌ಡೇಟಾ ಒಳಗಿನ ಲೋಕಲ್, ಮೈಕ್ರೋಸಾಫ್ಟ್, ಆಫೀಸ್, ಅನ್‌ಸೇವ್ಡ್ ಫೈಲ್ಸ್. ಮೇಲೆ ಹೇಳಿದ ಫೋಲ್ಡರ್ ಬೇರೆ, ಇದು ಬೇರೆ ಅನ್ನೋದನ್ನು ಗಮನಿಸಿ. ಒಂದರಲ್ಲಿ ಹುಡುಕಿ ಸಿಗಲಿಲ್ಲ ಅಂತ ಕೈಬಿಡುವವರೇ ಜಾಸ್ತಿ.

ಹೆಸರಿಟ್ಟು ಹಿಂದೆ ಸೇವ್ ಮಾಡಿದ್ದ ಫೈಲು, ಇವತ್ತಿನ ಬದಲಾವಣೆ ಮಾತ್ರ ಹೋಯ್ತು ಎಂದರೆ, ಅದೇ ಫೈಲನ್ನು ಮತ್ತೆ ತೆರೆದು 'ಇನ್ಫೋ'ಗೆ ಹೋಗಿ. 'ಮ್ಯಾನೇಜ್ ಡಾಕ್ಯುಮೆಂಟ್' ಪಕ್ಕದಲ್ಲಿ ಸಮಯದ ಜೊತೆಗೆ 'ಸೇವ್ ಮಾಡದೆ ಮುಚ್ಚಿದಾಗಿನದು' ಎಂಬರ್ಥದ ಒಂದು ಪ್ರತಿ ಕಾಣಬಹುದು. ಅದನ್ನು ತೆರೆದು, ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ.

ಈ ಪ್ರತಿಗಳು ಶಾಶ್ವತ ಅಲ್ಲ. ಕೆಲವೇ ದಿನಗಳಲ್ಲಿ ವರ್ಡ್ ಅವನ್ನು ತೆಗೆದುಹಾಕುತ್ತೆ. ಇಂಟರ್ನಲ್ಸ್ ಮುಗಿಯಲಿ, ಆಮೇಲೆ ನೋಡೋಣ ಅಂತ ಬಿಟ್ಟರೆ ಸಿಗದು.

3. ತಪ್ಪಾದದ್ದನ್ನೇ ಸೇವ್ ಮಾಡಿದೆವು

ಪೂರ್ತಿ ಆಯ್ಕೆ ಮಾಡಿ ಅಳಿಸಿ, ಅಭ್ಯಾಸಬಲದಿಂದ ಕಂಟ್ರೋಲ್ ಮತ್ತು ಎಸ್ ಕೂಡ ಒತ್ತಿಯಾಯ್ತು. ವರ್ಡ್ ಇನ್ನೂ ಮುಚ್ಚಿಲ್ಲ ಎಂದರೆ ಧೈರ್ಯವಾಗಿ ಕಂಟ್ರೋಲ್ ಮತ್ತು ಝಡ್ ಒತ್ತಿ. ಸೇವ್ ಮಾಡಿದ ಮಾತ್ರಕ್ಕೆ ಅನ್‌ಡೂ ಸರಪಳಿ ಕಡಿಯುವುದಿಲ್ಲ, ಫೈಲ್ ಮುಚ್ಚಿದಾಗ ಕಡಿಯುತ್ತೆ. ಆದ್ದರಿಂದ ಈ ಸಂದರ್ಭದಲ್ಲಿ ವರ್ಡ್ ಮುಚ್ಚುವುದೇ ದೊಡ್ಡ ತಪ್ಪು.

ಮುಚ್ಚಿಯೂ ಆಗಿದ್ದರೆ ಎರಡು ದಾರಿ. ಫೈಲ್ ಒನ್‌ಡ್ರೈವ್‌ನಲ್ಲಿದ್ದರೆ ಅದರ 'ವರ್ಷನ್ ಹಿಸ್ಟರಿ'ಯಲ್ಲಿ ಹಳೆಯ ರೂಪಗಳಿರುತ್ತವೆ. ವರ್ಡ್‌ನಲ್ಲಿ ಮೊದಲೇ 'ಆಲ್ವೇಸ್ ಕ್ರಿಯೇಟ್ ಬ್ಯಾಕಪ್ ಕಾಪಿ' ಆನ್ ಮಾಡಿಟ್ಟಿದ್ದರೆ, ಅದೇ ಫೋಲ್ಡರ್‌ನಲ್ಲಿ ಡಬ್ಲ್ಯುಬಿಕೆ ಬಾಲದ ಒಂದು ಫೈಲ್ ಇರುತ್ತೆ. ಅದು ಹಿಂದಿನ ಸಲ ಸೇವ್ ಮಾಡಿದ ರೂಪ.

4. ಸೇವ್ ಮಾಡಿದ್ದೇವೆ, ಆದರೆ ಕಾಣ್ತಿಲ್ಲ

ಮೇಲ್‌ನಲ್ಲಿ ಬಂದ ಫೈಲನ್ನು ಅಲ್ಲೇ ತೆರೆದು, ತಿದ್ದಿ, ಸೇವ್ ಒತ್ತಿದರೆ ಅದು ಡೆಸ್ಕ್‌ಟಾಪ್‌ಗೆ ಬರುವುದಿಲ್ಲ. ಡೌನ್‌ಲೋಡ್ಸ್ ಫೋಲ್ಡರ್‌ಗೋ ಯಾವುದಾದರೂ ತಾತ್ಕಾಲಿಕ ಫೋಲ್ಡರ್‌ಗೋ ಹೋಗಿರುತ್ತೆ. ಜಿಪ್ ಫೈಲಿನ ಒಳಗಿನಿಂದ ನೇರವಾಗಿ ತೆರೆದರೂ ಹೀಗೇ. ಹೆದರಬೇಡಿ, ವರ್ಡ್‌ಗೆ ನೆನಪಿರುತ್ತೆ. 'ಫೈಲ್', 'ಓಪನ್', 'ರೀಸೆಂಟ್' ಪಟ್ಟಿಯಲ್ಲಿ ಫೈಲಿನ ಹೆಸರಿನ ಜೊತೆಗೆ ಅದು ಎಲ್ಲಿದೆ ಅನ್ನೋದೂ ಇರುತ್ತೆ. ಅಲ್ಲೂ ಇಲ್ಲದಿದ್ದರೆ ಎಕ್ಸ್‌ಪ್ಲೋರರ್‌ನಲ್ಲಿ ಇವತ್ತು ಬದಲಾದ ವರ್ಡ್ ಫೈಲ್‌ಗಳನ್ನು ಮಾತ್ರ ಹುಡುಕಿ.

5. ಫೈಲ್ ಇದೆ, ತೆರೆಯುತ್ತಿಲ್ಲ

ಪ್ರಿಂಟ್ ಅಂಗಡಿಯಲ್ಲಿ ಹೆಚ್ಚಾಗಿ ಕಾಣುವ ತೊಂದರೆ ಇದು. ಪೆನ್‌ಡ್ರೈವ್ ಹಾಕಿದರೆ 'ಫೈಲ್ ಕರಪ್ಟ್ ಆಗಿದೆ' ಅನ್ನುತ್ತೆ. ಕಾಪಿ ಪೂರ್ತಿ ಆಗುವ ಮೊದಲೇ ಪೆನ್‌ಡ್ರೈವ್ ಎಳೆದದ್ದು ಇದಕ್ಕೆ ಸಾಮಾನ್ಯ ಕಾರಣ. ವೇಗಕ್ಕಾಗಿ ಆಪರೇಟಿಂಗ್ ಸಿಸ್ಟಮ್ ಬರೆಯಬೇಕಾದ್ದನ್ನು ಸ್ವಲ್ಪ ಹೊತ್ತು ರ‍್ಯಾಮ್‌ನಲ್ಲೇ ಇಟ್ಟುಕೊಂಡು ಆಮೇಲೆ ಬರೆಯಬಹುದು. ಪರದೆ ಮೇಲೆ 'ಮುಗಿಯಿತು' ಅಂತ ಕಂಡರೂ ಒಳಗೆ ಬರೆಯೋದು ಬಾಕಿ ಇರಬಹುದು. ಲಿನಕ್ಸ್‌ನಲ್ಲಿ ಈ ಅಪಾಯ ಜಾಸ್ತಿ. 'ಇಜೆಕ್ಟ್' ಅನ್ನೋದು ಇರುವುದೇ ಆ ಬಾಕಿ ತೀರಿಸೋಕೆ.

ಮೊದಲು ಫೈಲಿನ ಗಾತ್ರ ನೋಡಿ. ಸೊನ್ನೆ ಎಂದಿದ್ದರೆ ಅದರಲ್ಲಿ ಏನೂ ಇಲ್ಲ, ಬೇರೆ ಪ್ರತಿ ಹುಡುಕಿ. ಗಾತ್ರ ಇದ್ದರೆ ವರ್ಡ್‌ನ 'ಓಪನ್' ಕಿಟಕಿಯಲ್ಲಿ ಫೈಲನ್ನು ಆರಿಸಿ, 'ಓಪನ್' ಗುಂಡಿಯ ಪಕ್ಕದ ಬಾಣದ ಗುರುತು ಒತ್ತಿ 'ಓಪನ್ ಅಂಡ್ ರಿಪೇರ್' ಪ್ರಯತ್ನಿಸಿ.

ಅದೂ ಆಗಲಿಲ್ಲವೆಂದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಷ್ಟವಾಗುವ ದಾರಿಯೊಂದಿದೆ. ವರ್ಡ್ 2007ರಿಂದ ಬಂದ ಡಾಕ್ಸ್ ಬಗೆಯ ಫೈಲ್ ನಿಜಕ್ಕೂ ಒಂದು ಜಿಪ್ ಪೆಟ್ಟಿಗೆ. ಫೈಲಿನ ನಕಲು ಮಾಡಿಕೊಂಡು, ನಕಲಿನ ಬಾಲವನ್ನು ಜಿಪ್ ಎಂದು ಬದಲಾಯಿಸಿ ತೆರೆದು ನೋಡಿ. ಒಳಗೆ ವರ್ಡ್ ಎಂಬ ಫೋಲ್ಡರ್, ಅದರಲ್ಲಿ ಡಾಕ್ಯುಮೆಂಟ್ ಎಂಬ ಎಕ್ಸ್‌ಎಂಎಲ್ ಫೈಲ್. ನಿಮ್ಮ ಬರವಣಿಗೆ ಪೂರ್ತಿ ಅದರಲ್ಲಿದೆ, ಟ್ಯಾಗ್‌ಗಳ ನಡುವೆ. ಪಕ್ಕದ ಮೀಡಿಯಾ ಎಂಬ ಫೋಲ್ಡರ್‌ನಲ್ಲಿ ರಿಪೋರ್ಟಿಗೆ ಸೇರಿಸಿದ ಚಿತ್ರಗಳು, ಗ್ರಾಫ್‌ಗಳ ಸ್ಕ್ರೀನ್‌ಶಾಟ್‌ಗಳು ಹಾಗೇ ಇರುತ್ತವೆ. ಬರಹ ಕೆಟ್ಟಿದ್ದರೂ ಚಿತ್ರಗಳು ಸಿಕ್ಕರೆ ಅರ್ಧ ಕೆಲಸ ಉಳಿದಂತೆ.

ಜಿಪ್ ಕೂಡ ತೆರೆಯದಿದ್ದರೆ? ಜಿಪ್ ಫೈಲಿನ ವಿಷಯಸೂಚಿ ಇರುವುದು ಕೊನೆಯಲ್ಲಿ. ಕಾಪಿ ಅರ್ಧಕ್ಕೆ ನಿಂತರೆ ಮೊದಲು ಹೋಗುವುದು ಆ ಸೂಚಿಯೇ. ಕೊನೆಯ ಪುಟ ಹರಿದ ಪುಸ್ತಕದ ಹಾಗೆ, ಸೂಚಿ ಇಲ್ಲ ಅಂದಮಾತ್ರಕ್ಕೆ ಒಳಗಿನ ಅಧ್ಯಾಯಗಳು ಇಲ್ಲ ಎಂದಲ್ಲ. ಪ್ರತಿಯೊಂದು ಒಳಫೈಲಿನ ತಲೆಯಲ್ಲೂ ಅದರದೇ ಪುಟ್ಟ ಗುರುತು ಇರುತ್ತೆ. ವಿನ್‌ರಾರ್‌ನ ರಿಪೇರಿ ಸೌಲಭ್ಯ, ಲಿನಕ್ಸ್‌ನ ಜಿಪ್ ಆದೇಶದಲ್ಲಿರುವ ದುರಸ್ತಿ ಆಯ್ಕೆ ಇಂಥ ಗುರುತುಗಳನ್ನೇ ಹಿಡಿದು ಉಳಿದ ಭಾಗ ತೆಗೆದುಕೊಡುತ್ತವೆ.

6. ಅಳಿಸಿಯೇ ಹಾಕಿದೆವು

ಮೊದಲು ರೀಸೈಕಲ್ ಬಿನ್ ನೋಡಿ. ಪೆನ್‌ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ಅಲ್ಲಿಗೆ ಬರುವುದಿಲ್ಲ, ನೇರವಾಗಿ ಹೋಗುತ್ತೆ. ಶಿಫ್ಟ್ ಮತ್ತು ಡಿಲೀಟ್ ಒತ್ತಿದರೂ ಅಷ್ಟೇ.

ಆದರೂ ಆಸೆ ಇದೆ. ಅಳಿಸುವುದು ಅಂದರೆ ಫೈಲ್ ಸಿಸ್ಟಮ್ ತನ್ನ ಪಟ್ಟಿಯಲ್ಲಿ 'ಈ ಜಾಗ ಖಾಲಿ' ಎಂದು ಗುರುತು ಹಾಕಿಕೊಳ್ಳೋದು. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದರೂ ಹುಡುಗ ಕ್ಲಾಸಿನಲ್ಲೇ ಕೂತಿರುವ ಹಾಗೆ. ಬೇರೆಯವರು ಬಂದು ಆ ಜಾಗದಲ್ಲಿ ಕೂರುವ ತನಕ ಮಾಹಿತಿ ಅಲ್ಲೇ ಇರುತ್ತೆ. ಇದನ್ನು ಹುಡುಕಿ ತೆಗೆಯುವ ಉಚಿತ ತಂತ್ರಾಂಶಗಳಿವೆ. ಫೋಟೊರೆಕ್ ಎಂಬುದು ಮುಕ್ತ ತಂತ್ರಾಂಶ. ಹೆಸರು ಫೋಟೊ ಆದರೂ ವರ್ಡ್ ಫೈಲನ್ನೂ ಹುಡುಕುತ್ತೆ, ಆದರೆ ಫೈಲಿನ ಹಳೆಯ ಹೆಸರು ಸಿಗುವುದಿಲ್ಲ. ಮೈಕ್ರೋಸಾಫ್ಟ್ ಕೂಡ 2020ರಲ್ಲಿ ವಿಂಡೋಸ್ ಫೈಲ್ ರಿಕವರಿ ಎಂಬುದನ್ನು ಉಚಿತವಾಗಿ ಬಿಟ್ಟಿದೆ. ನಿಯಮ ಒಂದೇ: ಫೈಲ್ ಹೋಗಿರುವ ಡ್ರೈವ್‌ನಲ್ಲಿ ಇವನ್ನು ಹಾಕಬಾರದು, ಸಿಕ್ಕ ಫೈಲನ್ನೂ ಅಲ್ಲಿ ಉಳಿಸಬಾರದು. ಬೇರೆ ಡ್ರೈವ್ ಬಳಸಿ.

ಎಸ್‌ಎಸ್‌ಡಿ ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಸೆ ಕಡಿಮೆ. ಫೈಲ್ ಅಳಿಸಿದಾಗ ಆಪರೇಟಿಂಗ್ ಸಿಸ್ಟಮ್ ಟ್ರಿಮ್ ಎಂಬ ಆದೇಶದ ಮೂಲಕ 'ಈ ಬ್ಲಾಕುಗಳು ಇನ್ನು ಬೇಡ' ಎಂದು ಎಸ್‌ಎಸ್‌ಡಿಗೆ ಹೇಳುತ್ತೆ. ಎಸ್‌ಎಸ್‌ಡಿ ತನಗೆ ಬಿಡುವಾದಾಗ ಅವನ್ನು ನಿಜಕ್ಕೂ ಒರೆಸಿಹಾಕುತ್ತೆ. ಹಾಗಾಗಿ ಹಳೆ ಹಾರ್ಡ್‌ಡಿಸ್ಕ್‌ನಲ್ಲಿ ವಾರದ ನಂತರ ಸಿಕ್ಕ ಫೈಲು, ಎಸ್‌ಎಸ್‌ಡಿಯಲ್ಲಿ ಕೆಲ ನಿಮಿಷಕ್ಕೇ ಸಿಗದೇ ಹೋಗಬಹುದು.

ಲಿಬ್ರೆಆಫೀಸ್, ಗೂಗಲ್ ಡಾಕ್ಸ್

ಲಿಬ್ರೆಆಫೀಸ್ ರೈಟರ್ ಬಳಸುವವರಿಗೆ ಕ್ರ್ಯಾಶ್ ಆದರೆ ಮುಂದಿನ ಸಲ ತೆರೆದಾಗ ರಿಕವರಿ ಕಿಟಕಿ ತಾನಾಗಿ ಬರುತ್ತೆ. ಆದರೆ ವರ್ಡ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ: ನೀವಾಗಿಯೇ 'ಸೇವ್ ಬೇಡ' ಎಂದರೆ ಲಿಬ್ರೆಆಫೀಸ್ ಆ ರಿಕವರಿ ಪ್ರತಿಯನ್ನೂ ತೆಗೆದುಹಾಕುತ್ತೆ. ಅಲ್ಲಿ ಕಾಪಾಡುವುದು ಬ್ಯಾಕಪ್ ಆಯ್ಕೆ. 'ಟೂಲ್ಸ್', 'ಆಪ್ಷನ್ಸ್', 'ಲೋಡ್/ಸೇವ್', 'ಜನರಲ್' ಎಂದು ಹೋಗಿ ಬ್ಯಾಕಪ್ ಕಾಪಿ ಆನ್ ಮಾಡಿದರೆ, ಹಿಂದಿನ ಸಲ ಸೇವ್ ಮಾಡಿದ ರೂಪ ಬ್ಯಾಕ್ ಬಾಲದ ಫೈಲಾಗಿ ಉಳಿಯುತ್ತೆ.

ಗೂಗಲ್ ಡಾಕ್ಸ್‌ನಲ್ಲಿ ಸೇವ್ ಎಂಬ ಗುಂಡಿಯೇ ಇಲ್ಲ. ನೆಟ್ ಇದ್ದರೆ ನೀವು ಟೈಪ್ ಮಾಡಿದ್ದು ಕ್ಷಣ ಕ್ಷಣಕ್ಕೂ ಸರ್ವರ್‌ಗೆ ಹೋಗುತ್ತೆ. ಅಲ್ಲಿ ಹೋಗುವುದು ಬೇರೆ ರೀತಿ: ಗುಂಪಿನ ಯಾರೋ ಒಬ್ಬರು ಮೂರನೇ ಅಧ್ಯಾಯ ಅಳಿಸಿರುತ್ತಾರೆ, ಅದೂ ಅಷ್ಟೇ ಬೇಗ ಸರ್ವರ್‌ಗೆ ಹೋಗಿರುತ್ತೆ. 'ಫೈಲ್', 'ವರ್ಷನ್ ಹಿಸ್ಟರಿ' ತೆರೆದರೆ ಯಾರು ಯಾವಾಗ ಏನು ಬದಲಿಸಿದರು ಅಂತ ಬಣ್ಣಬಣ್ಣವಾಗಿ ಕಾಣುತ್ತೆ, ಹಳೆಯ ರೂಪಕ್ಕೆ ಮರಳಬಹುದು. ಪೂರ್ತಿ ಫೈಲನ್ನೇ ಅಳಿಸಿದ್ದರೆ ಡ್ರೈವ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತೆ.

ಲೇಟೆಕ್ಸ್ ಫೈಲನ್ನು ವಿಮ್‌ನಲ್ಲಿ ಬರೆಯುವವರು ಅದೇ ಫೋಲ್ಡರ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಸ್ವಾಪ್ ಫೈಲ್ ಹುಡುಕಿ. ಅದೂ ಆಟೋರಿಕವರ್‌ನ ತಮ್ಮನೇ.

ಸಿಕ್ಕ ಫೈಲಿನಲ್ಲಿ ಕನ್ನಡವೇ ಇಲ್ಲ!

ಇದು ಕನ್ನಡದಲ್ಲಿ ಬರೆಯುವ ನಮ್ಮಂಥವರದೇ ತೊಂದರೆ, ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಾಮಾನ್ಯವಾಗಿ ಸಿಗದು. ಕಷ್ಟಪಟ್ಟು ಫೈಲ್ ವಾಪಸ್ ತಂದರೆ, ಒಳಗೆ ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು. ಫೈಲ್ ಕೆಟ್ಟಿದೆ ಅಂತ ಅಳಿಸಿಬಿಡುವವರಿದ್ದಾರೆ. ದಯವಿಟ್ಟು ಅಳಿಸಬೇಡಿ. ಬಹಳ ಸಲ ಅದರೊಳಗೆ ಬರಹ ಪೂರ್ತಿ ಇರುತ್ತೆ, ಓದುವ ಕನ್ನಡಕ ಮಾತ್ರ ಬದಲಾಗಿರುತ್ತೆ. ಇದರಲ್ಲಿ ಎರಡು ಬಗೆ ಇದೆ, ಗುರುತಿಸೋದು ಸುಲಭ.

ಮೊದಲನೆಯದು, ನುಡಿ ಅಥವಾ ಬರಹದ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದು. ಅಲ್ಲಿ ಡಿಸ್ಕಿನ ಮೇಲೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ರಿಕವರಿ ಮಾಡುವಾಗ ಬರಹ ಮಾತ್ರ ಬಂದು ಫಾಂಟ್ ಮಾಹಿತಿ ಬಿಟ್ಟುಹೋದರೆ ಒಳಗಿನ ಸಂಕೇತ ಬಯಲಿಗೆ ಬರುತ್ತೆ. 'ಕನ್ನಡ' ಎಂಬ ಪದ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೆರೆ ಹೊತ್ತ ದೊಡ್ಡ ಎ, ಪೌಂಡ್ ಹಣದ ಚಿಹ್ನೆ, ಚಿಕ್ಕ ಕ್ಯೂ ಇವೆಲ್ಲ ಕಲೆತು ಕಾಣುತ್ತೆ. ಪೂರ್ತಿ ಆಯ್ಕೆ ಮಾಡಿ ನುಡಿಯ ಆ ಫಾಂಟ್ ಕೊಡಿ, ಕನ್ನಡ ವಾಪಸ್ ಬರುತ್ತೆ. ಫಾಂಟ್ ಇಲ್ಲದಿದ್ದರೆ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿ.

ಎರಡನೆಯದು, ಯೂನಿಕೋಡ್‌ನಲ್ಲೇ ಟೈಪ್ ಮಾಡಿದ್ದು, ಆದರೆ ತೆರೆಯುವಾಗ ತಪ್ಪು ಎನ್‌ಕೋಡಿಂಗ್ ಆರಿಸಿದ್ದು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಕನ್ನಡದ ಎಲ್ಲ ಸಂಕೇತಗಳಿಗೂ ಮೊದಲ ಬೈಟ್ ಒಂದೇ, ಎರಡನೆಯದು ಎರಡರಲ್ಲಿ ಒಂದು. ಈ ಮೂರನ್ನೂ ಬೇರೆ ಬೇರೆ ಅಕ್ಷರ ಅಂತ ಓದಿದರೆ, ತಲೆಯ ಮೇಲೆ ಗೆರೆ ಹೊತ್ತ ಚಿಕ್ಕ ಎ, ಅದರ ಪಕ್ಕ ಘಾತಾಂಕದ ಹಾಗೆ ಮೇಲೆ ಕೂತ ಪುಟ್ಟ 2 ಇಲ್ಲವೇ ಪುಟ್ಟ 3 ಸಾಲಾಗಿ ಮತ್ತೆ ಮತ್ತೆ ಬರುತ್ತೆ. ಈ ಗುರುತು ಕಂಡರೆ ನಿಮ್ಮ ಕನ್ನಡ ಅಲ್ಲೇ ಇದೆ ಎಂದು ತಿಳಿಯಿರಿ. ಫೈಲ್ ಮುಚ್ಚಿ, ಸೇವ್ ಮಾತ್ರ ಮಾಡಬೇಡಿ, ಮತ್ತೆ ತೆರೆಯುವಾಗ ಯುಟಿಎಫ್-8 ಆರಿಸಿ.

ನಮ್ಮ ಸಂಘಕ್ಕೆ ಲೇಖನ ಕಳಿಸುವವರಿಗೆ ನಾವು ಯೂನಿಕೋಡ್‌ನಲ್ಲೇ ಕಳಿಸಿ ಅಂತ ಪದೇ ಪದೇ ಕೇಳೋದಕ್ಕೆ ಇದೂ ಒಂದು ಕಾರಣ. ಫಾಂಟ್ ಕಳೆದರೂ ಬರಹ ಕನ್ನಡವಾಗಿಯೇ ಉಳಿಯುತ್ತೆ.

ಯಾವುದೂ ಸಿಗಲಿಲ್ಲವೆಂದರೆ

ಕಂಪ್ಯೂಟರ್ ಬಿಟ್ಟು ಮನುಷ್ಯರ ಕಡೆ ತಿರುಗಿ. ಗೈಡ್‌ಗೆ ಕಳೆದ ವಾರ ಕಳಿಸಿದ ಮೇಲ್ ನಿಮ್ಮ 'ಸೆಂಟ್'ನಲ್ಲಿರುತ್ತೆ. ಗುಂಪಿನವರ ವಾಟ್ಸಾಪ್‌ನಲ್ಲಿ ಹಳೆಯ ಪ್ರತಿ ಇರಬಹುದು. ಪ್ರಿಂಟ್ ತೆಗೆಸಿದ ಅಂಗಡಿಯ ಕಂಪ್ಯೂಟರ್‌ನಲ್ಲಿ ಅಳಿಸದೇ ಉಳಿದಿರಬಹುದು. ಪಿಡಿಎಫ್ ಮಾತ್ರ ಇದ್ದರೂ ಸಾಕು, ವರ್ಡ್ 2013ರಿಂದ ಈಚಿನವು ಪಿಡಿಎಫ್ ತೆರೆದು ತಿದ್ದುವಂತೆ ಮಾಡಿಕೊಡುತ್ತವೆ. ಜೋಡಣೆ ಸ್ವಲ್ಪ ಕೆಡಬಹುದು, ಮಾತು ಉಳಿಯುತ್ತೆ. ವಿಂಡೋಸ್‌ನಲ್ಲಿ ಕ್ಲಿಪ್‌ಬೋರ್ಡ್ ಹಿಸ್ಟರಿ ಆನ್ ಮಾಡಿಕೊಂಡಿದ್ದರೆ, ವಿಂಡೋಸ್ ಕೀ ಮತ್ತು ವಿ ಒತ್ತಿದಾಗ ಇತ್ತೀಚೆಗೆ ಕಾಪಿ ಮಾಡಿದ ಪ್ಯಾರಾಗಳು ಕಾಣುತ್ತವೆ. ರೀಸ್ಟಾರ್ಟ್ ಆದರೆ, ಪಿನ್ ಮಾಡಿದ್ದನ್ನು ಬಿಟ್ಟು, ಅವೂ ಹೋಗುತ್ತವೆ.

ಅದೂ ಇಲ್ಲವೆಂದರೆ ಮತ್ತೆ ಬರೆಯುವುದೇ. ಹಾಗಾದಾಗ ತಡಮಾಡದೆ ಕೂತು, ನೆನಪಿರುವ ತಲೆಬರಹಗಳನ್ನು ಮೊದಲು ಸಾಲಾಗಿ ಬರೆದುಕೊಳ್ಳಿ, ಅಂಕಿಗಳನ್ನು ಲ್ಯಾಬ್ ಪುಸ್ತಕದಿಂದ ತುಂಬಿ. ಗೈಡ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಸಿಕ್ಕಿರುವಷ್ಟು ಭಾಗ ತೋರಿಸಿ. ಬರಿಗೈಲಿ ಹೋಗುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಇವತ್ತೇ ಮಾಡಿಡಬೇಕಾದ್ದು

ಇದಕ್ಕೆಲ್ಲ ಐದು ನಿಮಿಷ ಸಾಕು.

• ವರ್ಡ್‌ನ 'ಸೇವ್' ಆಯ್ಕೆಗಳಲ್ಲಿ ಆಟೋರಿಕವರ್ ಸಮಯ 10 ನಿಮಿಷದಿಂದ 2 ನಿಮಿಷಕ್ಕೆ ಇಳಿಸಿ. ಕಳೆಯುವ ಕೆಲಸವೂ ಅಷ್ಟಕ್ಕೇ ಇಳಿಯುತ್ತೆ.

• ಬ್ಯಾಕಪ್ ಕಾಪಿ ಆಯ್ಕೆ ಆನ್ ಮಾಡಿ. ವರ್ಡ್‌ನಲ್ಲಿ ಅದು 'ಆಪ್ಷನ್ಸ್' ಒಳಗಿನ 'ಅಡ್ವಾನ್ಸ್ಡ್'ನಲ್ಲಿದೆ.

• ಹೊಸ ಫೈಲ್ ತೆರೆದ ಕೂಡಲೇ, ಒಂದಕ್ಷರ ಟೈಪ್ ಮಾಡುವ ಮೊದಲೇ, ಹೆಸರಿಟ್ಟು ಸೇವ್ ಮಾಡಿ. ಹೆಸರಿರುವ ಫೈಲನ್ನು ಹುಡುಕೋದು ಹೆಸರಿಲ್ಲದ್ದನ್ನು ಹುಡುಕೋದಕ್ಕಿಂತ ಸುಲಭ.

• ದಿನಕ್ಕೊಂದು ಪ್ರತಿ, ಹೆಸರಿನಲ್ಲಿ ದಿನಾಂಕ. 'ಫೈನಲ್', 'ಫೈನಲ್ ಹೊಸದು', 'ನಿಜವಾದ ಫೈನಲ್' ಎಂಬ ಹೆಸರುಗಳಿಂದ ಕೊನೆಗೆ ಯಾರಿಗೂ ಏನೂ ತಿಳಿಯೋದಿಲ್ಲ.

• ಮೂರು, ಎರಡು, ಒಂದು ಎಂಬ ಹಳೆಯ ಸೂತ್ರ ನೆನಪಿಡಿ: 3 ಪ್ರತಿಗಳು, 2 ಬಗೆಯ ಸಾಧನಗಳಲ್ಲಿ, 1 ಮಾತ್ರ ಬೇರೆ ಜಾಗದಲ್ಲಿ. ಲ್ಯಾಪ್‌ಟಾಪ್, ಪೆನ್‌ಡ್ರೈವ್, ಮೇಲ್ ಅಥವಾ ಡ್ರೈವ್. ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಪೆನ್‌ಡ್ರೈವ್ ಇಟ್ಟು ಬಸ್ಸಿನಲ್ಲಿ ಬ್ಯಾಗ್ ಮರೆತರೆ ಎರಡೂ ಒಟ್ಟಿಗೇ ಹೋಗುತ್ತವೆ, ಅದಕ್ಕೇ ಆ ಕೊನೆಯ 1.

ಆಟೋರಿಕವರ್ ಇದೆಯಲ್ಲ ಅಂತ ಸೇವ್ ಒತ್ತುವುದನ್ನು ಬಿಡಬೇಡಿ. ಅದು ಹೆಲ್ಮೆಟ್ ಇದ್ದಂತೆ: ಬಿದ್ದಾಗ ತಲೆ ಉಳಿಸುತ್ತೆ, ಬೀಳದ ಹಾಗೆ ನೋಡಿಕೊಳ್ಳೋದು ನಮ್ಮ ಕೆಲಸ. ಈ ಸೆಮಿಸ್ಟರ್‌ನಲ್ಲಿ ರಿಪೋರ್ಟ್ ಬರೆಯುತ್ತಿರುವ ಗೆಳೆಯ ಗೆಳತಿಯರು ನಿಮ್ಮ ರೂಮಿನಲ್ಲಿದ್ದರೆ ಮೇಲಿನ ಐದನ್ನೂ ಅವರ ಲ್ಯಾಪ್‌ಟಾಪ್‌ನಲ್ಲಿ ಇವತ್ತೇ ಮಾಡಿಕೊಡಿ. ಬೈಂಡಿಂಗ್ ಆದ ರಿಪೋರ್ಟ್ ಅವರ ಕೈಯಲ್ಲಿರುವ ದಿನ ಒಂದು ಕಾಫಿ ನಿಮಗೆ ಖಂಡಿತ ಸಿಗುತ್ತೆ.